ಕಲ್ಲು ಮತ್ತು ಕೊಡಗಿ: ರಾಯಣ್ಣನ ಕಾಡುದಾರಿಯ ಋಣ

ಹಳಿಯಾಳದಿಂದ ಖಾನಾಪುರದ ಕಡೆಗೆ ಹೋಗುವ ಹಾದಿಯಲ್ಲಿ ನಂದಗಡ ಎಂಬ ಊರಿದೆ. ಬೆಳಗಾವಿ ಜಿಲ್ಲೆಗೆ ಸೇರಿದ ಈ ಊರಿನಲ್ಲಿ ಒಂದು ದೊಡ್ಡ ಆಲದ ಮರ, ಅಲ್ಲೊಂದು ಸಮಾಧಿ. ಮಕ್ಕಳಿಲ್ಲದವರು ಬಂದು ಹರಕೆ ಹೊರುತ್ತಾರೆ. ಹರಕೆಯ ತೊಟ್ಟಿಲುಗಳನ್ನು ಕಟ್ಟುತ್ತಾರೆ. ತಮಗೆ ರಾಯಣ್ಣನಂಥ ಮಗ ಹುಟ್ಟಲಿ ಎಂಬುದು ಬೇಡಿಕೆ. 1831ರ ಜನವರಿ 26ರಂದು ಈಸ್ಟ್ ಇಂಡಿಯಾ ಕಂಪನಿ ಸರಕಾರ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇದೇ ನಂದಗಡದಲ್ಲಿ. ಸಮಾಧಿಯ ಬಳಿ ಆಲದ ಸಸಿಯನ್ನು ನೆಟ್ಟವನು ರಾಯಣ್ಣನ ಗೆಳೆಯನೇ ಎಂದು ಜನ ಹೇಳಿಕೊಂಡು ಬಂದಿದ್ದಾರೆ.

ಯಾವ ಸರಕಾರವೂ ಆಗ ಈ ಸ್ಮಾರಕಕ್ಕೆ ಮಂಜೂರಾತಿ ಕೊಟ್ಟಿರಲಿಲ್ಲ. ಕೊಡುವಂತೆಯೂ ಇರಲಿಲ್ಲ, ಏಕೆಂದರೆ ಆಳುತ್ತಿದ್ದವರ ಕಣ್ಣಿನಲ್ಲಿ ರಾಯಣ್ಣ ದಂಗೆಕೋರ. ಕಂಪನಿಯ ಆಡಳಿತ ಮುಗಿದು ಬ್ರಿಟಿಷ್ ರಾಣಿಯ ಆಡಳಿತ ಬಂದರೂ ಆ ಅಭಿಪ್ರಾಯ ಬದಲಾಗಲಿಲ್ಲ. ಹೀಗಿದ್ದೂ ಮರಕ್ಕೆ ನೀರೆರೆದವರು, ಕಟ್ಟೆ ಕಾಯ್ದವರು, ದೀಪ ಹಚ್ಚಿದವರು ಇದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಸ್ವಯಂಸೇವಕರು. ಸಂಬಳವಿಲ್ಲದೆ, ಹೆಸರಿಲ್ಲದೆ, ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಅವರು ಒಂದು ಯುದ್ಧದ ನೆನಪನ್ನು ಉಳಿಸಿದರು.

ಆದರೆ ನಂದಗಡ ಆ ಯುದ್ಧದ ಕೊನೆಯ ನಿಲ್ದಾಣ ಮಾತ್ರ. ಅಲ್ಲಿಗೆ ಮುಟ್ಟುವ ಮೊದಲು ರಾಯಣ್ಣನ ದಂಡು ನಡೆದ ದಾರಿ ಬಹಳ ಉದ್ದವಾದದ್ದು. ಕಿತ್ತೂರಿನ ಬಯಲಿನಿಂದ ಖಾನಾಪುರ, ಅಳ್ನಾವರ, ಹಳಿಯಾಳದ ಸೀಮೆಯ ಕಾಡುಗಳವರೆಗೆ ಚಾಚಿದ ಆ ದಾರಿಯ ಊರುಗಳಿಗೆ ಈ ನೆನಪಿನಿಂದ ಏನು ಸಂದಿದೆ ಎಂಬ ಪ್ರಶ್ನೆ ಅಷ್ಟಾಗಿ ಯಾರನ್ನೂ ಕಾಡಿದಂತಿಲ್ಲ.

ಕಥೆಯ ಆರಂಭ ಓದುಗರಿಗೆ ತಿಳಿದೇ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರಲ್ಲಿ ಅಲ್ಲಿಯೇ ಆಕೆ ತೀರಿಕೊಂಡಳು. ಸಂಸ್ಥಾನದ ಕಥೆ ಮುಗಿಯಿತೆಂದು ಕಂಪನಿಯವರು ನಿಟ್ಟುಸಿರು ಬಿಟ್ಟ ಹೊತ್ತಿಗೆ ಸಂಗೊಳ್ಳಿಯ ರಾಯಣ್ಣ ಎದ್ದು ನಿಂತ. ಸಂಸ್ಥಾನದ ಸೇವೆಗೆ ಬದಲಾಗಿ ಭೂಮಿ ಅನುಭವಿಸುತ್ತಿದ್ದ ಸನದಿ ಸಿಪಾಯಿಗಳ ಮನೆತನ ಅವನದು. ಕಂಪನಿಯ ಹೊಸ ಕಂದಾಯ ವ್ಯವಸ್ಥೆ ಇಂಥವರ ಮಾನ್ಯದ ಹೊಲಗಳಿಗೆ ಕೈ ಹಾಕಿತು. ಕೆಲವರ ಹೊಲ ಹೋಯಿತು, ಕೆಲವರ ಮೇಲೆ ತೆರಿಗೆ ಬಿತ್ತು. ರಾಣಿಯ ಮೇಲಿನ ನಿಷ್ಠೆಯ ಜೊತೆಗೆ ಹೊಲದ ಸಂಕಟವೂ ಈ ದಂಗೆಯ ಹಿಂದಿತ್ತು. ದತ್ತುಮಗ ಶಿವಲಿಂಗಪ್ಪನನ್ನು ಮತ್ತೆ ಕಿತ್ತೂರಿನ ಗಾದಿಯಲ್ಲಿ ಕೂಡಿಸುವುದು ರಾಯಣ್ಣನ ಗುರಿ.

1829ರ ಕೊನೆಯಿಂದ 1830ರ ಏಪ್ರಿಲ್‌ವರೆಗಿನ ಕೆಲವೇ ತಿಂಗಳುಗಳಲ್ಲಿ ಈ ದಂಡು ಬೀಡಿ, ಸಂಪಗಾವಿ, ನಂದಗಡ, ಖಾನಾಪುರಗಳ ಸುತ್ತ ಕಂಪನಿಯ ಆಡಳಿತವನ್ನು ಅಲುಗಾಡಿಸಿತು. ಕಚೇರಿಗಳಿಗೆ ಬೆಂಕಿ ಬಿತ್ತು. ಕಂದಾಯದ ಕಾಗದಗಳು ಸುಟ್ಟವು. ಇದು ರಾಯಣ್ಣ ಬೇಕೆಂದೇ ಆರಿಸಿಕೊಂಡ ಗುರಿ. ರೈತನ ಹೊಲ ಹೋದದ್ದು ಕಾಗದದ ಮೇಲೆ. ಆ ಕಾಗದವಿದ್ದದ್ದು ಕಚೇರಿಯಲ್ಲಿ. ದಾಳಿ ಮುಗಿದ ಕೂಡಲೇ ದಂಡು ಬಯಲನ್ನು ಬಿಟ್ಟು ಹಂಡಿಬಡಗನಾಥದ ಗುಡ್ಡ, ಸಂಶೇರಗಡಗಳಂಥ ದುರ್ಗಮ ಜಾಗಗಳಿಗೆ ಸರಿಯುತ್ತಿತ್ತು. ಎದುರಾಎದುರು ನಿಂತು ತೋಪುಗಳ ಜೊತೆ ಹೋರಾಡುವುದು ಸಾಧ್ಯವಿಲ್ಲವೆಂಬುದನ್ನು ಕಿತ್ತೂರಿನ ಸೋಲು ಕಲಿಸಿತ್ತು. ಹೀಗಾಗಿ ರಾಯಣ್ಣನ ಯುದ್ಧ ಕಾಡಿನ ಯುದ್ಧವಾಯಿತು.

ಕಾಡು ಎಂದರೆ ಮರಗಳಷ್ಟೇ ಎಂದು ತಿಳಿಯಬಾರದು. ಬಯಲುಸೀಮೆಯ ದಂಡೊಂದು ದಟ್ಟ ಅರಣ್ಯದಲ್ಲಿ ವಾರಗಟ್ಟಲೆ ಬದುಕಬೇಕಾದರೆ ಅಲ್ಲಿಯ ಜನರ ನೆರವು ಬೇಕೇ ಬೇಕು. ಎಲ್ಲಿ ನೀರು, ಎಲ್ಲಿ ಒಳದಾರಿ, ಯಾವ ಹಳ್ಳ ದಾಟಬಹುದು ಎಂದು ಹೇಳುವವರು ಬೇಕು. ರಾಗಿಯೋ ಭತ್ತವೋ ಗಡ್ಡೆಗೆಣಸೋ ಕೊಡುವ ಮನೆಗಳು ಬೇಕು. ಸರಕಾರಿ ಕುದುರೆಗಳು ಬರುವ ಸುದ್ದಿಯನ್ನು ಮೊದಲೇ ಮುಟ್ಟಿಸುವ ಹುಡುಗರು ಬೇಕು. ಸಿಕ್ಕಿಬಿದ್ದರೆ ಇವರಿಗೂ ಶಿಕ್ಷೆ ತಪ್ಪಿದ್ದಲ್ಲ. ಆದರೆ ದಂಗೆಯ ದಾಖಲೆಗಳಲ್ಲಿ ನಾಯಕರ ಹೆಸರುಗಳು ಬರುತ್ತವೆ. ಅನ್ನ ಕೊಟ್ಟ ಮನೆಗಳ ಹೆಸರು ಬರುವುದಿಲ್ಲ.

ಹಾಗೆ ಹೆಸರಿಲ್ಲದೆ ಹೋದವರಲ್ಲಿ ಒಬ್ಬನ ಹೆಸರನ್ನು ಮಾತ್ರ ಜನಪದ ಕಾಪಾಡಿಕೊಂಡಿದೆ. ಅವನು ಗಜವೀರ, ಸಿದ್ದಿ ಜನಾಂಗದವನು, ರಾಯಣ್ಣನ ನಂಬಿಕೆಯ ಸಂಗಡಿಗ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ತಾಲೂಕುಗಳ ಕಾಡಿನಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಅರಣ್ಯವನ್ನು ಸೇರಿದರು. ಯಜಮಾನನ ಕೈಗೆ ಸಿಗದಂತೆ ಕಾಡಿನಲ್ಲಿ ಬದುಕುವುದು ಹೇಗೆಂಬ ವಿದ್ಯೆಯನ್ನು ಅವರು ಹೊಟ್ಟೆಪಾಡಿಗಾಗಿಯೇ ಕಲಿಯಬೇಕಾಗಿತ್ತು. ಕಂಪನಿಯ ಕಣ್ಣು ತಪ್ಪಿಸಿ ತಿರುಗುವ ದಂಡಿಗೆ ಇಂಥವರಿಗಿಂತ ಒಳ್ಳೆಯ ಜೊತೆಗಾರರು ಸಿಗುವಂತಿರಲಿಲ್ಲ.

ಯುದ್ಧದಲ್ಲಿ ಹಿಡಿಯಲಾಗದವನನ್ನು ಕಂಪನಿ ಮೋಸದಿಂದ ಹಿಡಿಯಿತು. 1830ರ ಏಪ್ರಿಲಿನಲ್ಲಿ ಅಳ್ನಾವರದ ಹತ್ತಿರದ ಡೋರಿ-ಬೆಣಚಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ, ನಂಬಿಸಿ ಜೊತೆಗೆ ಸೇರಿದ್ದವರ ನೆರವಿನಿಂದಲೇ ರಾಯಣ್ಣ ಸೆರೆಯಾದ. ಧಾರವಾಡದಲ್ಲಿ ಬಂಧನ, ವಿಚಾರಣೆ. ಕೊನೆಗೆ ನಂದಗಡದಲ್ಲಿ ಗಲ್ಲು. ಸಂಗಡಿಗರಲ್ಲಿ ಕೆಲವರಿಗೆ ಮರಣದಂಡನೆ, ಇನ್ನು ಕೆಲವರಿಗೆ ಗಡೀಪಾರು. ರಾಯಣ್ಣ ಹುಟ್ಟಿದ್ದು ಆಗಸ್ಟ್ 15ರಂದು ಎಂಬುದು ಜನರ ನಂಬಿಕೆ. ಸ್ವಾತಂತ್ರ್ಯದ ದಿನ ಹುಟ್ಟಿ ಗಣರಾಜ್ಯದ ದಿನ ಗಲ್ಲಿಗೇರಿದ ಎಂದು ಆ ಭಾಗದ ಭಾಷಣಗಳಲ್ಲಿ ಇಂದಿಗೂ ಹೇಳುವುದುಂಟು.

ಗಲ್ಲಿಗೇರಿಸಿದ ಮೇಲೂ ಅವನ ಹೆಸರು ಅಡಗಲಿಲ್ಲ. ಅದಕ್ಕೆ ಕಾರಣ ಲಾವಣಿಕಾರರು. ಜಾತ್ರೆಗಳಲ್ಲಿ, ಕಟ್ಟೆಗಳ ಮೇಲೆ, ಡಪ್ಪು ತುಂತುಣಿಗಳ ಜೊತೆ ರಾಯಣ್ಣನ ಕಥೆಯನ್ನು ಇಡೀ ರಾತ್ರಿ ಹಾಡಿದರು. ಮುಂಬಯಿ ಸರಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಕನ್ನಡದ ಲಾವಣಿಗಳನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅನುವಾದದೊಂದಿಗೆ ಅಚ್ಚು ಹಾಕಿಸಿದಾಗ ಅವುಗಳಲ್ಲಿ ರಾಯಣ್ಣನ ಲಾವಣಿಯೂ ಸೇರಿತ್ತು. ದಂಗೆಕೋರನೆಂದು ಕೊಂದವನ ಹಾಡನ್ನು ಐವತ್ತು ವರ್ಷಗಳ ನಂತರ ಅದೇ ಆಡಳಿತದ ಅಧಿಕಾರಿಯೊಬ್ಬ ಬರೆದಿಟ್ಟುಕೊಳ್ಳಬೇಕಾಯಿತು. ಹಾಡು ಅಷ್ಟು ವ್ಯಾಪಕವಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಲ ಬದಲಾಯಿತು. ಇಂದು ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರಿದೆ. 2012ರಲ್ಲಿ ಅವನ ಬದುಕಿನ ಮೇಲೆ ದೊಡ್ಡ ಚಲನಚಿತ್ರ ಬಂದಿತು. ರಾಜ್ಯದ ಎಷ್ಟೋ ಊರುಗಳ ವೃತ್ತಗಳಲ್ಲಿ ಯುವಕ ಸಂಘಗಳು ಚಂದಾ ಎತ್ತಿ ಪ್ರತಿಮೆ ನಿಲ್ಲಿಸಿವೆ. ಸಂಗೊಳ್ಳಿ ಮತ್ತು ನಂದಗಡಗಳ ಅಭಿವೃದ್ಧಿಗೆಂದು ಸರಕಾರವೇ ಪ್ರಾಧಿಕಾರವನ್ನು ರಚಿಸಿದೆ. ಸಂಗೊಳ್ಳಿಯಲ್ಲಿ ಪ್ರತಿ ಜನವರಿಯಲ್ಲಿ ಉತ್ಸವ ನಡೆಯುತ್ತದೆ. ಅಲ್ಲಿ ಅವನ ಹೆಸರಿನ ಸೈನಿಕ ಶಾಲೆಯೂ ತಲೆ ಎತ್ತಿದೆ. ಹುಟ್ಟಿದ ಊರಿಗೂ ಮಡಿದ ಊರಿಗೂ ಗೌರವ ಸಂದಿತು. ನಡುವಿನ ಕಾಡುದಾರಿಯ ಮಾತು ಬೇರೆ.

ಆ ದಾರಿಯ ಮೇಲೆ ನಡೆದದ್ದು ರಾಯಣ್ಣನ ಯುದ್ಧವೊಂದೇ ಅಲ್ಲವೆಂಬುದನ್ನೂ ನೆನೆಯಬೇಕು. ಘಟ್ಟದ ಮೇಲಿನ ಬಯಲಿಗೂ ಗೋವೆಯ ಕರಾವಳಿಗೂ ನಡುವೆ ಇರುವ ಹಳಿಯಾಳ-ಸೂಪಾ ಸೀಮೆ ಹಿಂದಿನಿಂದಲೂ ದಂಡಿನ ದಾರಿ. 1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿದ ಕಾಲದಲ್ಲಿ ಆರ್ಥರ್ ವೆಲ್ಲೆಸ್ಲಿ ಹಳಿಯಾಳವನ್ನು ಗಡಿಯ ಮುಖ್ಯ ಠಾಣೆಯೆಂದು ಎಣಿಸಿದ್ದ. 1858-59ರಲ್ಲಿ, ಉತ್ತರ ಹಿಂದೂಸ್ಥಾನದ ಬಂಡಾಯದ ಕಾವು ಇಲ್ಲಿಗೂ ಮುಟ್ಟಿದಾಗ, ಸಾವಂತವಾಡಿಯ ಬಂಡಾಯಗಾರರ ತಂಡಗಳು ಗೋವೆಯ ಗಡಿ ದಾಟಿ ಸೂಪಾದ ಕಾಡು ಸೇರಿದವು. ಅವರ ಮುಂದಾಳುಗಳಲ್ಲಿ ಒಬ್ಬನ ಹೆಸರು ಸಿದ್ದಿ ಬಸ್ತ್ಯಾಂವ. ಗಜವೀರನ ಕಾಲದಿಂದ ಮೂರು ದಶಕಗಳ ನಂತರ ಮತ್ತೊಬ್ಬ ಸಿದ್ದಿ ಅದೇ ಅರಣ್ಯದಲ್ಲಿ ಬ್ರಿಟಿಷರ ನಿದ್ದೆ ಕೆಡಿಸಿದ.

ಇನ್ನೊಂದು ಶತಮಾನ ಕಳೆದ ಮೇಲೆ ಗೋವೆಯ ವಿಮೋಚನೆಯ ಕಾಲ ಬಂತು. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಗಡಿಯ ಹಲವು ಕಡೆಗಳಿಂದ ಪೋರ್ಚುಗೀಸ್ ನೆಲಕ್ಕೆ ಕಾಲಿಟ್ಟರು. ಇಂದಿನ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಆ ದಾರಿಗಳಲ್ಲಿ ಒಂದು. ಪೋರ್ಚುಗೀಸರು ಗುಂಡು ಹಾರಿಸಿದರು; ಆ ಒಂದು ದಿನ ಗಡಿಯುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆಯ 63ನೆಯ ಬ್ರಿಗೇಡ್ ಗೋವೆಗೆ ಇಳಿದದ್ದು ಇದೇ ತಾಲೂಕಿನ ಅನಮೋಡದ ಘಟ್ಟದಿಂದ, ಮೊಲೆಮ್ ಕಡೆಗೆ. ಡಿಸೆಂಬರ್ 19ರ ರಾತ್ರಿ ಪೋರ್ಚುಗೀಸರು ಶರಣಾಗಿ ಗೋವೆ ಬಿಡುಗಡೆಯಾಯಿತು. ಇಂದು ಅನಮೋಡದ ರಸ್ತೆಯಲ್ಲಿ ಗೋವೆಯ ಸಮುದ್ರತೀರಕ್ಕೆ ಧಾವಿಸುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದ್ದೀತು?

ಇಷ್ಟು ದಂಡುಗಳನ್ನು ಕಂಡ ಸೂಪಾ ಊರು ಇಂದು ನೀರಿನಡಿಯಲ್ಲಿದೆ. ಕಾಳಿ ನದಿಗೆ ಗಣೇಶಗುಡಿಯ ಬಳಿ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಊರು ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆ-ಗದ್ದೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದ ಪುನರ್ವಸತಿ ಕೇಂದ್ರ ಸೇರಿದರು. ರಾಜ್ಯಕ್ಕೆ ಬೆಳಕು ಸಿಕ್ಕಿತು, ನಿಜ. ಆದರೆ ಯುದ್ಧದ ಕಾಲದಲ್ಲಿ ಆಶ್ರಯ ಕೊಟ್ಟ ಸೀಮೆಯೇ ಶಾಂತಿಯ ಕಾಲದಲ್ಲಿಯೂ ತೆರಬೇಕಾದದ್ದನ್ನು ತೆತ್ತಿತು.

ಹಾಗಾದರೆ ಸ್ಮಾರಕ ಎಂದರೆ ಏನಿರಬೇಕು? ಈ ಪ್ರಶ್ನೆಗೆ ಕನ್ನಡ ನಾಡಿನ ಹಳೆಯ ಪದ್ಧತಿಯಲ್ಲಿಯೇ ಸ್ಪಷ್ಟವಾದ ಉತ್ತರವಿದೆ. ನಮ್ಮ ಊರೂರಿನ ಹಾದಿಬದಿಗಳಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರೊಂದಿಗೆ ವೀರನ ಸ್ವರ್ಗಾರೋಹಣ, ಮೇಲೆ ಶಿವಲಿಂಗದ ಮುಂದೆ ಅವನ ಸನ್ನಿಧಿ. ಈ ಮೂರು ಪಟ್ಟಿಗಳ ಚಿತ್ರ ಎಲ್ಲರಿಗೂ ಪರಿಚಿತ. ಆದರೆ ಕಲ್ಲಿನ ಮೇಲಿನ ಬರಹವನ್ನು ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಸತ್ತವನ ಹೆಸರಿನಲ್ಲಿ ಭೂಮಿ ಕೊಟ್ಟದ್ದನ್ನು ಅನೇಕ ಶಾಸನಗಳು ಹೇಳುತ್ತವೆ. ಅದಕ್ಕೆ ನೆತ್ತರುಗೊಡಗಿ, ರಕ್ತಮಾನ್ಯ, ಕಲ್ನಾಡು ಎಂಬ ಬೇರೆ ಬೇರೆ ಹೆಸರುಗಳು. ಮಡಿದವನ ಮನೆಯವರು ಉಪವಾಸ ಬೀಳಬಾರದೆಂಬುದು ಇದರ ಉದ್ದೇಶ. ನೆನಪಿಗೆ ಕಲ್ಲು, ಬದುಕಿಗೆ ಕೊಡಗಿ.

ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ಹೆಸರಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ವಿಷಯವೂ ಇಂಥದ್ದೇ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಕತ್ತಿ ತೊಳೆದ ಗೌರವದ ದಾನವಾಗಿ, ಅಂದರೆ ಬಾಳ್ಗಳ್ಚಾಗಿ ಕೊಟ್ಟದ್ದನ್ನು ಅದು ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಕಲ್ಲಂತೂ ಪ್ರಸಿದ್ಧ. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರನಿಗೆ ಮೆಚ್ಚುಗೆಯಾಗಿ ಸಿಕ್ಕಿದ್ದು ಕಾಳಿ ಎಂಬ ಬೇಟೆನಾಯಿ. ಕಾಡುಹಂದಿಯ ಜೊತೆ ಕಾದಾಡಿ ಆ ನಾಯಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆ ತಪ್ಪದಂತೆ ಭೂಮಿಯನ್ನು ಬಿಟ್ಟರು. ಒಂದು ನಾಯಿಯ ಸ್ಮಾರಕಕ್ಕೂ ನಡೆದುಕೊಂಡು ಹೋಗುವ ವ್ಯವಸ್ಥೆ ಮಾಡಿದ ನಾಡು ಇದು. ಕಲ್ಲನ್ನು ನೆಟ್ಟು ಕೊಡಗಿಯನ್ನು ಮರೆಯುವುದು ನಮ್ಮ ಹಿರಿಯರ ರೀತಿಯಲ್ಲ.

ಜಗತ್ತಿನ ಬೇರೆ ಯುದ್ಧದಾರಿಗಳ ಕಥೆ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1942ರ ಜುಲೈನಲ್ಲಿ, ಜಪಾನಿನ ಸೇನೆ ನ್ಯೂಗಿನಿ ದ್ವೀಪದ ಉತ್ತರ ತೀರದಲ್ಲಿ ಇಳಿದು ಪೋರ್ಟ್ ಮೋರ್ಸ್‌ಬಿಯ ಕಡೆಗೆ ಹೊರಟಿತು. ನಡುವೆ ಇದ್ದದ್ದು ಕೊಕೊಡಾ ಎಂಬ ಸುಮಾರು 96 ಕಿಲೋಮೀಟರಿನ ಬೆಟ್ಟದ ಕಾಲುದಾರಿ. ಕೆಸರು, ಮಳೆ, ಮಲೇರಿಯಾಗಳ ನಡುವೆ ಆಸ್ಟ್ರೇಲಿಯಾದ ಸೈನಿಕರು ಹಿಂದೆ ಸರಿಯುತ್ತ, ಮತ್ತೆ ಮುಂದೊತ್ತುತ್ತ ಹೋರಾಡಿ ನವೆಂಬರಿನಲ್ಲಿ ಕೊಕೊಡಾವನ್ನು ಮರಳಿ ಪಡೆದರು. ಸುಮಾರು 600 ಆಸ್ಟ್ರೇಲಿಯನ್ನರು ಅಲ್ಲಿ ಮಡಿದರು. ಗಾಯಾಳುಗಳನ್ನು ಕಟ್ಟಿಗೆಯ ಡೋಲಿಗಳಲ್ಲಿ ಹೊತ್ತು ದಿನಗಟ್ಟಲೆ ಬೆಟ್ಟ ಇಳಿದವರು ಪಾಪುವಾದ ಹಳ್ಳಿಗರು. ಸಾಮಾನು ಹೊರಲು ಸಾವಿರಾರು ಜನರನ್ನು ಸೇರಿಸಿಕೊಂಡಿದ್ದರು. ಅವರಲ್ಲಿ ಬಲವಂತಕ್ಕೆ ಸಿಕ್ಕಿ ಬಂದವರೂ ಬಹಳ. ಅವರ ಊರುಗಳು ಯುದ್ಧಭೂಮಿಯಾದವು, ತೋಟಗಳು ಹಾಳಾದವು.

ಯುದ್ಧ ಮುಗಿದ ಮೇಲೆ ಸೈನಿಕರ ಸಮಾಧಿಗಳು ಎದ್ದವು. 2002ರಲ್ಲಿ ಇಸುರಾವದ ಬೆಟ್ಟದ ಮೇಲೆ ಧೈರ್ಯ, ಸಹನೆ, ಸಖ್ಯ, ತ್ಯಾಗ ಎಂಬ ನಾಲ್ಕು ಪದಗಳನ್ನು ಕೊರೆದ ನಾಲ್ಕು ಕಲ್ಲುಕಂಬಗಳ ಸ್ಮಾರಕ ನಿಂತಿತು. ಹೊರೆ ಹೊತ್ತವರಿಗೆ ಆಸ್ಟ್ರೇಲಿಯಾ ಸರಕಾರ ಪದಕವೊಂದನ್ನು ಕೊಟ್ಟದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನವರು ತೀರಿಹೋಗಿದ್ದರು. ಈ ವಿಳಂಬದ ನಡುವೆ ಕೆಲಸ ಮಾಡಿದವರು ಸ್ವಯಂಸೇವಕರು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ರೋಟರಿಯವರು ಬಂದು ಕೊಕೊಡಾ ಹಳ್ಳಿಯಲ್ಲಿ ಆಸ್ಪತ್ರೆ ಕಟ್ಟಿದರು. ಆಮೇಲೆ ಹುಟ್ಟಿಕೊಂಡ ಸಂಘಸಂಸ್ಥೆಗಳು ದಾರಿಯ ಊರುಗಳ ಮಕ್ಕಳಿಗೆ ವಿದ್ಯಾರ್ಥಿವೇತನ, ಶಿಕ್ಷಕರಿಗೆ ತರಬೇತಿ, ಔಷಧಿಗಳ ಏರ್ಪಾಡು ಮಾಡಿದವು. ದಾರಿಯಲ್ಲಿ ನಡೆಯಬಯಸುವವರು ಪರವಾನಿಗೆಗೆ ಹಣ ಕಟ್ಟಬೇಕು. ಅದರಲ್ಲಿ ಊರುಗಳಿಗೂ ಪಾಲು ಸಲ್ಲಬೇಕೆಂಬುದು ನಿಯಮ. ಎಲ್ಲವೂ ಸುಸೂತ್ರವಾಗಿಲ್ಲ. ತಮ್ಮ ನೆಲದ ಲಾಭ ತಮಗೆ ಮುಟ್ಟಬೇಕೆಂದು 2008ರಲ್ಲಿ ಹಳ್ಳಿಗರೇ ದಾರಿಯನ್ನು ಅಡ್ಡಗಟ್ಟಿದ್ದೂ ಉಂಟು. ಆದರೂ ಸ್ಮಾರಕದ ಮಾತು ಬಂದಾಗ ದಾರಿಯ ಊರುಗಳ ಮಾತೂ ಬರಬೇಕೆಂಬ ತಿಳಿವಳಿಕೆ ಅಲ್ಲಿ ಬೇರೂರಿದೆ.

ನಮ್ಮ ದೇಶದಲ್ಲಿಯೇ ನಾಗಾಲ್ಯಾಂಡಿನ ಕೊಹಿಮಾದಲ್ಲಿ ಇಂಥದೇ ಉದಾಹರಣೆಯಿದೆ. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿ ಜಪಾನೀಯರೊಂದಿಗೆ ಘೋರ ಯುದ್ಧ ನಡೆಯಿತು. ಊರು ನೆಲಸಮವಾಯಿತು. ಅಲ್ಲಿಯ ಸಮಾಧಿ ಸ್ಥಳದಲ್ಲಿ 1,400ಕ್ಕೂ ಹೆಚ್ಚು ಗೋರಿಗಳಿವೆ. ದಹನಗೊಂಡ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕವೂ ಇದೆ. ಬ್ರಿಟಿಷರ ಎರಡನೆಯ ಡಿವಿಜನ್ನಿನ ನೆನಪಿಗೆ ನಿಂತ ದೊಡ್ಡ ಬಂಡೆಯನ್ನು ನಾಗಾ ಜನರೇ ಎಳೆದು ತಂದರು. ಅಲ್ಲಿ ಹೋರಾಡಿದ ಬ್ರಿಟಿಷ್ ಸೈನಿಕರು ಎಂಬತ್ತರ ಪ್ರಾಯ ದಾಟಿದ ಮೇಲೆ, ಈ ಶತಮಾನದ ಆರಂಭದಲ್ಲಿ, ಕೊಹಿಮಾ ಎಜುಕೇಶನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಗಾರ್ಡನ್ ಗ್ರಹಾಂ ಎಂಬ ಹಳೆಯ ಸೈನಿಕ ಅದರ ಹಿಂದಿನ ಶಕ್ತಿ. ನಾಗಾ ಮಕ್ಕಳ ಓದಿಗೆ ನೆರವಾಗುವುದು ಅದರ ಕೆಲಸ. ಯುದ್ಧದಲ್ಲಿ ತಮ್ಮನ್ನು ಕಾಯ್ದ ಜನರ ಋಣ ತಮ್ಮ ಮೇಲಿದೆ ಎಂಬ ಭಾವನೆಯಿಂದ ಹುಟ್ಟಿದ ಸಂಸ್ಥೆ ಅದು. ಪರದೇಶದವರು ಅರವತ್ತು ವರ್ಷಗಳ ನಂತರ ಇಂಥದೊಂದು ಲೆಕ್ಕವನ್ನು ತೀರಿಸಲು ಹೊರಟದ್ದು ಮೆಚ್ಚತಕ್ಕ ಸಂಗತಿ.

ರಾಯಣ್ಣನ ಕಾಡುದಾರಿಗೆ ಮರಳಿ ಬಂದರೆ, ಇಲ್ಲಿಯೂ ಸ್ವಯಂಸೇವೆಯ ಕೊರತೆಯಿಲ್ಲ. 1984ರಲ್ಲಿಯೇ ಸಿದ್ದಿಗಳು ತಮ್ಮದೇ ಅಭಿವೃದ್ಧಿ ಸಂಘ ಕಟ್ಟಿಕೊಂಡರು. ಮುಂಡಗೋಡದ ಲೊಯೊಲಾ ವಿಕಾಸ ಕೇಂದ್ರ, ವನವಾಸಿ ಕಲ್ಯಾಣದಂಥ ಸಂಸ್ಥೆಗಳು, ತಮ್ಮ ತಮ್ಮ ನಂಬಿಕೆಯ ದಾರಿಗಳಲ್ಲಿ, ಸಿದ್ದಿ ಹಾಗೂ ಗೌಳಿ ಮಕ್ಕಳ ಶಿಕ್ಷಣಕ್ಕೆ ದುಡಿದಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು. ಹಳೆಯ ಬಟ್ಟೆಗಳನ್ನು ಜೋಡಿಸಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ದೇಶವಿದೇಶಗಳ ಕಲಾಪ್ರದರ್ಶನಗಳಿಗೆ ಹೋಗಿವೆ. ಜೋಯಿಡಾದಲ್ಲಿ ಕುಣಬಿ ರೈತರು ಬೆಳೆದ ಗಡ್ಡೆಗೆಣಸುಗಳ ಮೇಳ ನಡೆಯುತ್ತದೆ. ಹಿಂದೆ ಕಾಡಿನ ಮನೆಗಳ ಹೊಟ್ಟೆ ತುಂಬಿಸಿದ ಬೆಳೆಗೆ ಈಗ ಪೇಟೆಯ ಗಿರಾಕಿಗಳಿದ್ದಾರೆ.

ಹೊರಗಿನ ನೆರವು ಹೇಗಿರಬಾರದು ಎಂಬುದಕ್ಕೂ ಇಲ್ಲಿಯೇ ಪಾಠವಿದೆ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳ ಓಟದ ಶಕ್ತಿಯನ್ನು ಕಂಡು ಅವರನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಒಲಿಂಪಿಕ್ ಪದಕದ ಕನಸು ಹುಟ್ಟಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. 1993ರಲ್ಲಿ ಯೋಜನೆಯೇ ನಿಂತುಹೋಯಿತು. ಹುಡುಗ ಹುಡುಗಿಯರು ಊರಿಗೆ ಮರಳಿದರು. ಆರೇ ವರ್ಷಗಳಲ್ಲಿ ಮುಗಿದ ಆ ಪ್ರಯೋಗದ ಕಹಿ ಬಹಳ ಕಾಲ ಉಳಿಯಿತು. ಆತಕೂರಿನ ಕಲ್ಲು ಹೇಳುವುದು ಇದನ್ನೇ: ಕೊಡುವವನು ಹೋದ ಮೇಲೂ ನಡೆಯುವಂಥ ಏರ್ಪಾಡಿದ್ದರೆ ಮಾತ್ರ ಅದು ಕೊಡಗಿ.

ಇಂದು ಈ ಸೀಮೆಯ ಜನರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಹೊಲದ್ದು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅರಣ್ಯಭೂಮಿಯಲ್ಲಿ ಸಾಗುವಳಿ ಮಾಡುತ್ತಿದ್ದರೆ ಹಕ್ಕು ಕೇಳಬಹುದು. ಪಟ್ಟಿಯ ಹೊರಗಿನ ಪಾರಂಪರಿಕ ಅರಣ್ಯವಾಸಿಗಳು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ನೆಲೆಸಿ ಬದುಕಿದ್ದನ್ನು ತೋರಿಸಬೇಕು. ಜೋಯಿಡಾದ ಕುಣಬಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಬಹಳ ಹಳೆಯದು. ಕಾಡಿನಲ್ಲಿ ಹುಟ್ಟಿ ಕಾಡಿನಲ್ಲಿ ಸತ್ತ ಅಜ್ಜಂದಿರ ಹೆಸರಿನಲ್ಲಿ ಕಾಗದ ಎಲ್ಲಿಂದ ಬರಬೇಕು? ಕಂದಾಯದ ಕಾಗದದಿಂದ ಹೊಲ ಕಳೆದುಕೊಂಡು ದಂಗೆ ಎದ್ದವನ ಸೀಮೆಯಲ್ಲಿ ಎರಡು ಶತಮಾನಗಳ ನಂತರವೂ ಜನ ಕಾಗದಕ್ಕಾಗಿಯೇ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ.

ಆದರೆ ಅದೇ ಕಾಯಿದೆಯ ನಿಯಮಗಳಲ್ಲಿ ಒಂದು ಬಾಗಿಲೂ ಇದೆ. ಅರ್ಜಿದಾರನಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಒಪ್ಪಿಸಬಹುದು. ಹಳೆಯ ಬಾವಿ, ಮನೆಯ ಅಡಿಪಾಯ, ಸಮಾಧಿ, ದೇವರ ಬನಗಳಂಥ ಗುರುತುಗಳೂ ಸಾಕ್ಷ್ಯವೇ. ನೆನಪಿಗೆ ಕಾನೂನಿನಲ್ಲಿ ಬೆಲೆ ಸಿಕ್ಕಿದ ಅಪರೂಪದ ಜಾಗ ಇದು. ದಾರಿಯ ಊರುಗಳ ಹಿರಿಯರ ಬಾಯಿಂದ ಮನೆತನದ ಕಥೆ, ದಂಡು ಬಂದ ಕಥೆ, ಊರು ಮುಳುಗಿದ ಕಥೆಗಳನ್ನು ಬರೆದಿಡುವವರು ಮುಂದೆ ಬಂದರೆ ಆ ಒಂದೇ ಕೆಲಸ ಚರಿತ್ರೆಗೂ ಆಗುತ್ತದೆ, ಬದುಕಿಗೂ ಆಗುತ್ತದೆ. ಹಳಿಯಾಳ, ದಾಂಡೇಲಿ, ಮುಂಡಗೋಡಗಳ ಕಾಲೇಜುಗಳಲ್ಲಿ ಓದುವ ಹುಡುಗರು ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರದಲ್ಲಿ ಮಾಡಬಹುದಾದ ಕೆಲಸ ಇದು. ಗುದ್ದಲಿ ಹಿಡಿಯುವ ಶ್ರಮದಾನದ ಜೊತೆಗೆ ಪೆನ್ನು ಹಿಡಿಯುವ ಶ್ರಮದಾನವೂ ಸೇರಲಿ.

ಹಿರಿಯರಿಗೆ ವಯಸ್ಸಾಗುತ್ತಿದೆ. ಸೂಪಾ ಮುಳುಗುವ ಮೊದಲಿನ ಊರನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ; 1961ರಲ್ಲಿ ಅನಮೋಡದ ರಸ್ತೆಯಲ್ಲಿ ಸೇನೆಯ ಲಾರಿಗಳು ಇಳಿದದ್ದನ್ನು ನೋಡಿದ ಮಕ್ಕಳು ಇಂದು ಎಪ್ಪತ್ತು ದಾಟಿದ್ದಾರೆ. ಕೊಕೊಡಾದಲ್ಲಿ ಪದಕ ಬಂದದ್ದು ಹೊರೆ ಹೊತ್ತವರು ಹೋದ ಮೇಲೆ. ಇಲ್ಲಿ ಹಾಗಾಗಬಾರದು. ಮುಂದಿನ ಜನವರಿ 26ರಂದು ನಂದಗಡದ ಆಲದ ಕೆಳಗೆ ಜನ ಸೇರಿದಾಗ, ಆ ದಂಡಿಗೆ ಅನ್ನ ಕೊಟ್ಟ ಊರುಗಳ ಹೆಸರುಗಳನ್ನೂ ಯಾರಾದರೂ ಓದಿ ಹೇಳಿದರೆ ಚೆನ್ನ.